ಎಲ್ಲಿಂದ ತಂದೆ ಎಂದು ಹೇಳಿ ಬರೆ

ಮಗಳೇ,

ಕಾಲೇಜಿನಲ್ಲಿ ಈ ಸೆಮಿಸ್ಟರಿಗೆ ಕನ್ನಡ ವಿಕಿಪೀಡಿಯದ ಲೇಖನಗಳನ್ನು ತಿದ್ದಿ ಬೆಳೆಸುವ ಕೆಲಸ ಕೊಟ್ಟಿದ್ದಾರೆ, ನಿನ್ನ ಪಾಲಿಗೆ ಹಳಗನ್ನಡ ಕವಿಗಳು ಬಂದಿದ್ದಾರೆ ಎಂದು ನಿನ್ನಪ್ಪ ಹೇಳಿದ. ಅದಾದ ಮೇಲೆ ನಿನ್ನ ಪತ್ರವೂ ಬಂತು. ಒಂದು ಲೇಖನದ ಅರ್ಧದಷ್ಟು ಭಾಗ ಬೇರೆಲ್ಲಿಂದಲೋ ಎತ್ತಿ ಹಾಕಿದಂತೆ ಕಾಣುತ್ತಿದೆ, ಅದನ್ನು ಹಾಗೇ ಬಿಟ್ಟು ಕೆಳಗೆ ನಾಲ್ಕು ಪ್ಯಾರಾ ಸೇರಿಸಿದರೆ ಅಂಕ ಸಿಗುತ್ತದೆ, ಆದರೆ ಮನಸ್ಸು ಒಪ್ಪುತ್ತಿಲ್ಲ, ಏನು ಮಾಡಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಮನಸ್ಸು ಒಪ್ಪುತ್ತಿಲ್ಲ ಎಂದೆಯಲ್ಲ, ಆ ಮಾತು ಓದಿ ಬಹಳ ಸಂತೋಷವಾಯಿತು. ಇಷ್ಟು ವರ್ಷ ಕನ್ನಡ ಪಾಠ ಹೇಳಿದವನಾಗಿ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಉದ್ದವಾದೀತು, ಸಮಾಧಾನವಾಗಿ ಓದು.

ನಿನ್ನ ಕವಿಗಳಿಂದಲೇ ಶುರುಮಾಡೋಣ. ಒಂದನೆಯ ಗುಣವರ್ಮ ಬರೆದ ‘ಶೂದ್ರಕ’ವೂ ‘ಹರಿವಂಶ’ವೂ ಇಂದು ನಮಗೆ ಇಡಿಯಾಗಿ ಸಿಕ್ಕಿಲ್ಲ. ಅಸಗನ ಕನ್ನಡ ಕಾವ್ಯ ಸಿಕ್ಕಿಲ್ಲ. ಗಜಗ, ಗುಣನಂದಿ, ಮನಸಿಜ ಎಂಬವರು ಬರಿಯ ಹೆಸರಾಗಿ ಉಳಿದಿದ್ದಾರೆ. ಆ ಹೆಸರಾದರೂ ಉಳಿದದ್ದು ಹೇಗೆ ಎಂದು ಯೋಚಿಸಿದ್ದೀಯಾ? 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ, ತಾನು ಯಾವ ಯಾವ ಕವಿಗಳ ಪ್ರಯೋಗವನ್ನು ಆಧಾರವಾಗಿ ಇಟ್ಟುಕೊಂಡೆ ಎಂಬುದನ್ನು ಹೆಸರು ಹಿಡಿದು ಹೇಳಿದ. ಅವನಿಗಿಂತ ನಾಲ್ಕು ಶತಮಾನ ಮೊದಲು, 850ರ ಸುಮಾರಿನ ‘ಕವಿರಾಜಮಾರ್ಗ’ ತನ್ನ ಹಿಂದಿನವರನ್ನು ಹೀಗೆಯೇ ನೆನೆಯಿತು. ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರು ಇದ್ದರೆಂದು ನಮಗೆ ಗೊತ್ತಿರುವುದು ಅದರಿಂದ. ಅವರ ಕನ್ನಡ ಗದ್ಯದ ಒಂದು ಪುಟವೂ ನಮ್ಮ ಕೈಗೆ ಬಂದಿಲ್ಲ. ಓಲೆಗರಿಗಳು ಹುಳು ತಿಂದು, ನೆನೆದು, ಸುಟ್ಟು ಹೋದವು. ತಮಗಿಂತ ಮೊದಲಿದ್ದವರನ್ನು ಹೆಸರಿಸುವ ದೊಡ್ಡ ಮನಸ್ಸು ಇಬ್ಬರಿಗೆ ಇದ್ದದ್ದರಿಂದ ಅಷ್ಟು ಜನ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಉಳಿದುಕೊಂಡರು.

ಕೇಶಿರಾಜನ ತಂದೆ ಮಲ್ಲಿಕಾರ್ಜುನ ಹಿಂದಿನ ಕಾವ್ಯಗಳಿಂದ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ ಎಂಬ ಸಂಕಲನ ಮಾಡಿದ. ಕಳೆದುಹೋದ ಎಷ್ಟೋ ಕಾವ್ಯಗಳ ಚೂರುಗಳು ಅದರಲ್ಲಿವೆ. ಅವುಗಳಲ್ಲಿ ಯಾವ ಪದ್ಯ ಯಾವ ಕಾವ್ಯದ್ದು ಎಂದು ಪತ್ತೆಮಾಡುವ ಕೆಲಸದಲ್ಲಿ ವಿದ್ವಾಂಸರು ಬಹುಕಾಲ ತೊಡಗಬೇಕಾಯಿತು. ತಂದೆ ಮಗ ಇಬ್ಬರಿಗೂ ನಾವು ಋಣಿಗಳು. ಆದರೆ ಆಕರ ತಿಳಿದಿದ್ದರೆ ಆ ಹುಡುಕಾಟದ ಶ್ರಮವೆಲ್ಲ ಬೇರೊಂದು ಕೆಲಸಕ್ಕೆ ಒದಗುತ್ತಿತ್ತು ಅನ್ನಿಸುತ್ತದೆ ನನಗೆ. ಆಧಾರ ಕೊಡುವುದು ಹೊರದೇಶದ ವಿಶ್ವವಿದ್ಯಾಲಯಗಳಿಂದ ಬಂದ ನಿಯಮ, ನಮ್ಮದಲ್ಲ ಎಂದು ನಿನ್ನ ಜೊತೆಯವರಲ್ಲಿ ಯಾರಾದರೂ ಹೇಳಿದರೆ ‘ಶಬ್ದಮಣಿದರ್ಪಣ’ ತೆರೆದು ತೋರಿಸು.

ಇನ್ನು ನಿನ್ನ ಮುಂದಿರುವ ಲೇಖನಕ್ಕೆ ಬರುತ್ತೇನೆ. ಅನುಮಾನ ಬಂದ ಕೂಡಲೇ ಅಳಿಸಲು ಹೋಗಬೇಡ. ಮೊದಲು ‘ಇತಿಹಾಸ’ ತೆರೆದು ನೋಡು. ಆ ಪುಟಕ್ಕೆ ಯಾವ ದಿನ, ಯಾವ ಗಳಿಗೆಯಲ್ಲಿ, ಯಾರು, ಎಷ್ಟು ಸೇರಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಸ್ವಂತವಾಗಿ ಬರೆಯುವವರು ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪ ಬರೆಯುತ್ತಾರೆ, ತಿದ್ದುತ್ತಾರೆ, ಒಂದು ಸಾಲು ತೆಗೆದು ಇನ್ನೊಂದು ಹಾಕುತ್ತಾರೆ. ಒಂದೇ ಏಟಿಗೆ ಎಂಟು ಹತ್ತು ಸಾವಿರ ಬೈಟ್ ಬಂದು ಕೂತಿದ್ದರೆ ಅಲ್ಲಿ ನಿಲ್ಲಬೇಕು. ಬೇರೆ ಕಡೆ ಬರೆದಿಟ್ಟುಕೊಂಡು ತಂದು ಹಾಕುವವರೂ ಇದ್ದಾರೆ, ಆದ್ದರಿಂದ ಅದೊಂದೇ ಸಾಕ್ಷಿಯಾಗದು. ಭಾಷೆಯನ್ನು ನೋಡು. ‘ಹಿಂದಿನ ಅಧ್ಯಾಯದಲ್ಲಿ ನೋಡಿದಂತೆ’ ಎಂಬ ಮಾತು ವಿಕಿಪೀಡಿಯದ ಲೇಖನದಲ್ಲಿ ಬರಲು ಸಾಧ್ಯವಿಲ್ಲ, ಅದು ಯಾವುದೋ ಪುಸ್ತಕದ ಮಾತು. ‘ಚಿತ್ರದಲ್ಲಿ ತೋರಿಸಿರುವಂತೆ’ ಎಂದಿದ್ದು ಚಿತ್ರವೇ ಇಲ್ಲದಿರುವುದು, ‘ಕಳೆದ ವಾರ’ ಎಂದಿದ್ದು ಯಾವ ವಾರವೆಂದು ಗೊತ್ತಾಗದಿರುವುದು, ಅಡಿಟಿಪ್ಪಣಿಯೇ ಇಲ್ಲದೆ ವಾಕ್ಯದ ಕೊನೆಯಲ್ಲಿ 3, 4 ಎಂಬ ಅಂಕಿ ಒಂಟಿಯಾಗಿ ನಿಂತಿರುವುದು, ಇವೆಲ್ಲ ಎತ್ತಿ ತಂದದ್ದರ ಗುರುತು. ಮೊದಲ ಪ್ಯಾರಾದಲ್ಲಿ ಕಾಗುಣಿತ ತಪ್ಪುತ್ತಿದ್ದವರು ಎರಡನೆಯದರಲ್ಲಿ ಪಂಡಿತರ ಹಾಗೆ ಬರೆದಿದ್ದರೂ ಅಷ್ಟೇ.

ಆಮೇಲೆ ಹುಡುಕು. ಆ ಪ್ಯಾರಾದಿಂದ ಸಾಮಾನ್ಯವಲ್ಲದ ಆರೇಳು ಪದಗಳ ಒಂದು ತುಂಡನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಕೊಡು. ‘ಕನ್ನಡದ ಪ್ರಸಿದ್ಧ ಕವಿ’ ಎಂಬಂಥದ್ದನ್ನು ಕೊಟ್ಟರೆ ಪ್ರಪಂಚವೆಲ್ಲ ಬರುತ್ತದೆ, ಪ್ರಯೋಜನವಿಲ್ಲ. ಆ ಬರಹಗಾರರ ಕೈಗುರುತು ಇರುವ ತುಂಡು ಬೇಕು. ಪುಟದ ವಿಳಾಸ ಕೊಟ್ಟರೆ ಅಂತರಜಾಲದ ಬೇರೆ ಪುಟಗಳೊಂದಿಗೆ ಹೋಲಿಸಿ ತೋರಿಸುವ ‘ಅರ್ವಿಗ್ಸ್ ಕಾಪಿವಿಯೊ ಡಿಟೆಕ್ಟರ್’ ಎಂಬ ಸಾಧನವನ್ನೂ ವಿಕಿಪೀಡಿಯದವರು ಬಳಸುತ್ತಾರೆ. ಅದನ್ನೂ ನೋಡು.

ಆದರೆ ಕನ್ನಡದಲ್ಲಿ ಇಂಥ ಯಂತ್ರಗಳ ಮೇಲೆ ಪೂರ್ತಿ ಭಾರ ಹಾಕಬಾರದು. ಇದನ್ನು ನಿನ್ನ ತರಗತಿಯಲ್ಲಿ ಹೇಳಿರುತ್ತಾರೋ ಇಲ್ಲವೋ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ನಮ್ಮಲ್ಲಿ ಬಹಳಷ್ಟು ಬರಹ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾಗಿದೆ. ಅಂಥ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ತಂದು ಹಾಕಿದವರನ್ನು ಯಂತ್ರ ಹಿಡಿಯಲಾರದು, ಏಕೆಂದರೆ ಮೂಲ ಅದರ ಕಣ್ಣಿಗೆ ಕನ್ನಡವಾಗಿ ಕಾಣಿಸುವುದೇ ಇಲ್ಲ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಹೆಚ್ಚಾಗಿ ಬರಿಯ ಚಿತ್ರಗಳು. ಅದರ ಮೇಲೆ ನಮ್ಮ ಭಾಷೆಯ ಸ್ವಭಾವ ಬೇರೆ. ‘ಬರೆದಿದ್ದಾನೆ’ ಎಂಬುದನ್ನು ‘ಬರೆದಿರುವನು’ ಎಂದು ಮಾಡಿ, ಕೂಡಿದ ಎರಡು ಪದಗಳನ್ನು ಬಿಡಿಸಿ ಇಟ್ಟರೆ ಸಾಕು, ಯಂತ್ರದ ಲೆಕ್ಕಕ್ಕೆ ಅದು ಹೊಸ ವಾಕ್ಯ. ಓದುವ ನಿನಗೆ ಮಾತ್ರ ಹಳೆಯದು ಎಂದು ಗೊತ್ತಾಗುತ್ತದೆ. ಅದಕ್ಕೇ ಗ್ರಂಥಾಲಯಕ್ಕೆ ಹೋಗು ಎನ್ನುವುದು. ಒಬ್ಬ ಕವಿಯ ಬಗ್ಗೆ ಕನ್ನಡದಲ್ಲಿ ಇರುವ ಪುಸ್ತಕಗಳು ಎಷ್ಟು ತಾನೇ? ನಾಲ್ಕಾರು ಕಪಾಟು ತಡಕಿದರೆ ಮೂಲ ಸಿಕ್ಕೀತು.

ಸಿಕ್ಕಿದ ಮೇಲೂ ಒಂದು ಪರೀಕ್ಷೆ ಉಳಿದಿದೆ. ಯಾರಿಂದ ಯಾರು ತೆಗೆದುಕೊಂಡರು? ವಿಕಿಪೀಡಿಯದ ಲೇಖನಗಳನ್ನು ಪೂರ್ತಿಯಾಗಿ ಎತ್ತಿ ತಮ್ಮದೆಂದು ಹಾಕಿಕೊಂಡಿರುವ ಜಾಲತಾಣಗಳು, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು ಬೇಕಾದಷ್ಟಿವೆ. ಎರಡು ಕಡೆಯ ದಿನಾಂಕ ಹೋಲಿಸದೆ ವಿಕಿಪೀಡಿಯದವರನ್ನೇ ಕಳ್ಳರೆಂದರೆ, ಎಷ್ಟೋ ಸಂಜೆ ಕೂತು ಬರೆದವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಜಾಲಪುಟ ಯಾವಾಗಿನಿಂದ ಇದೆ ಎಂಬುದನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನೋಡಬಹುದು, ಪುಸ್ತಕವಾದರೆ ಮುದ್ರಣದ ವರ್ಷ ನೋಡು. ಲೇಖನದ ಆ ಪ್ಯಾರಾ ಹಲವರ ಕೈಯಲ್ಲಿ ಹಂತ ಹಂತವಾಗಿ ಬೆಳೆದದ್ದು ಇತಿಹಾಸದಲ್ಲಿ ಕಂಡರೆ ಅದು ಅಲ್ಲೇ ಹುಟ್ಟಿದ್ದು ಎಂದು ಬಹುಮಟ್ಟಿಗೆ ಹೇಳಬಹುದು.

ನೀನು ಕೇಳಿದ ಇನ್ನೊಂದು ಪ್ರಶ್ನೆ: ಹಳೆಯ ಪುಸ್ತಕದಿಂದ ತೆಗೆದುಕೊಂಡರೆ ತಪ್ಪೇನು, ಹಕ್ಕು ಮುಗಿದಿರುತ್ತದಲ್ಲ? ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ಹಕ್ಕುಸ್ವಾಮ್ಯ ಎಂಬುದು ಕಾನೂನಿನ ಮಾತು. ನಮ್ಮ ದೇಶದ 1957ರ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ ಅದು ಉಳಿಯುತ್ತದೆ. ಡಿವಿಜಿ 1975ರಲ್ಲಿ ಹೋದರು, ಅವರ ಬರಹಗಳ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಕುವೆಂಪು 1994ರಲ್ಲಿ, ಆದ್ದರಿಂದ 2054ರ ಕೊನೆಯವರೆಗೆ. ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು ಬರೆದ ಆರ್. ನರಸಿಂಹಾಚಾರ್ಯರು ತೀರಿಕೊಂಡದ್ದು 1936ರಲ್ಲಿ. ಅವರ ಸಾಲುಗಳನ್ನು ನೀನು ಹಾಗೇ ಬಳಸಿದರೂ ಯಾವ ಕೋರ್ಟೂ ಕೇಳುವುದಿಲ್ಲ. ಆದರೆ ಅವರ ಸಾಲನ್ನು ಅವರ ಹೆಸರಿಲ್ಲದೆ ಬಳಸಿದರೆ ಅದು ಕೃತಿಚೌರ್ಯವೇ. ಕಾನೂನಿನ ಗಡುವು ಮುಗಿಯುತ್ತದೆ, ಬರೆದವರು ಯಾರೆಂಬ ಸತ್ಯಕ್ಕೆ ಗಡುವಿಲ್ಲ. ಶಾಸನಗಳನ್ನೂ ಓಲೆಗರಿಗಳನ್ನೂ ಒಂದೊಂದಾಗಿ ಓದಿ, 1907ರಿಂದ 1929ರವರೆಗೆ ಆ ಮೂರು ಸಂಪುಟಗಳನ್ನು ಹೊರತಂದ ಮನುಷ್ಯ ಅವರು. ಅವರು ಕಂಡುಹಿಡಿದದ್ದನ್ನು ನಾವು ಹೆಸರಿಲ್ಲದೆ ಬಳಸಿಕೊಳ್ಳುವುದು ಕೃತಘ್ನತೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ಹಾಗೆಯೇ. ಅದರ ಮೊದಲ ಸಂಪುಟ 1969ರಲ್ಲಿ ಬಂತು, ಒಟ್ಟು 14 ಸಂಪುಟ. 2014ರಲ್ಲಿ ಅದರ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು, ಯಾರು ಬೇಕಾದರೂ ಬಳಸಬಹುದು ಎಂದು. ನಾಡಿಗೆ ಅದೊಂದು ದೊಡ್ಡ ಉಪಕಾರ. ಆ ಪರವಾನಗಿಗೆ ಎರಡು ಷರತ್ತುಗಳಿವೆ: ಮೂಲವನ್ನು ಹೆಸರಿಸಬೇಕು, ನೀನು ಬೆಳೆಸಿದ್ದನ್ನೂ ಅದೇ ಷರತ್ತಿನ ಮೇಲೆ ಬೇರೆಯವರಿಗೆ ಬಿಡಬೇಕು. ಮುಕ್ತ ಎಂದರೆ ದಿಕ್ಕಿಲ್ಲದ ಆಸ್ತಿ ಎಂದಲ್ಲ. ವಿಕಿಪೀಡಿಯದ ಬರಹಕ್ಕೂ ಇವೇ ಷರತ್ತುಗಳು. ಇಂಗ್ಲಿಷ್ ವಿಕಿಪೀಡಿಯದ ಲೇಖನವೊಂದನ್ನು ಕನ್ನಡಕ್ಕೆ ತಂದರೆ ಯಾವ ಲೇಖನದ ಅನುವಾದ ಎಂಬುದನ್ನು ಕೊಂಡಿಯೊಂದಿಗೆ ಸಂಪಾದನೆಯ ಸಾರಾಂಶದಲ್ಲಿ ಬರೆಯಬೇಕು. ಬೇರೆ ಯಾರದೋ ಹಕ್ಕಿರುವ ಇಂಗ್ಲಿಷ್ ಪುಟವನ್ನು ಕನ್ನಡಿಸಿ ಹಾಕುವುದಂತೂ ಆಗದು, ಏಕೆಂದರೆ ಅನುವಾದದ ಹಕ್ಕೂ ಮೂಲ ಲೇಖಕರದೇ. ಭಾಷೆ ಬದಲಾಯಿತು, ಇನ್ನು ನನ್ನದೇ ಎಂದು ಬಹಳ ಜನ ತಿಳಿದಿದ್ದಾರೆ. ನೀನು ಹಾಗೆ ತಿಳಿಯಬೇಡ.

ನಿಮ್ಮ ಕಾಲೇಜಿನಲ್ಲಿ ಶೇಕಡಾ ಲೆಕ್ಕ ಹೇಳಿರಬಹುದು. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅಲ್ಲಿಂದ ಮೇಲೆ ಶೇ. 40, ಶೇ. 60 ಎಂದು ಹಂತಗಳಿವೆ. ಪ್ರಬಂಧಗಳನ್ನು ತೂಗಲು ಒಂದು ಅಳತೆ ಬೇಕು, ಅದಕ್ಕಾಗಿ ಮಾಡಿದ್ದು ಅದು. ಶೇ. 10ರೊಳಗೆ ಕದಿಯಲು ಕೊಟ್ಟ ಅನುಮತಿಯಲ್ಲ. ನೀನು ಬಸವಣ್ಣನ ವಚನವೊಂದನ್ನು ಉದ್ಧರಣ ಚಿಹ್ನೆಯೊಳಗೆ, ಆಕರದೊಂದಿಗೆ ಕೊಟ್ಟರೆ ಯಂತ್ರ ಅದನ್ನೂ ಹೋಲಿಕೆ ಎಂದು ತೋರಿಸಬಹುದು. ಅದು ತಪ್ಪಲ್ಲ. ಇಂಗ್ಲಿಷಿನಿಂದ ಇಡೀ ಲೇಖನ ಕನ್ನಡಿಸಿ ನಿನ್ನ ಹೆಸರು ಹಾಕಿಕೊಂಡರೆ ಅದೇ ಯಂತ್ರ ಸೊನ್ನೆ ತೋರಿಸಬಹುದು. ಅದು ಶುದ್ಧ ತಪ್ಪು. ಅಂಕಿ ನೋಡಿ ನಿಶ್ಚಿಂತಳಾಗಬೇಡ, ಅಂಕಿ ನೋಡಿ ಹೆದರಲೂ ಬೇಡ.

ಈಗ ತಿದ್ದುವ ಮಾತು. ಕದ್ದ ಪ್ಯಾರಾವನ್ನು ಅಲ್ಲಲ್ಲಿ ಪದ ಬದಲಿಸಿ ಉಳಿಸಿಕೊಳ್ಳುವ ಆಸೆ ಬರುತ್ತದೆ. ಉದಾಹರಣೆಗೆ ಒಂದು ಪುಸ್ತಕದಲ್ಲಿ ಹೀಗಿದೆ ಎಂದುಕೋ: ‘ವಿದ್ವತ್ತಿನ ಮನೆತನದಲ್ಲಿ ಜನಿಸಿದ ಕೇಶಿರಾಜನು ತಾತ, ತಂದೆ, ಸೋದರಮಾವ ಈ ಮೂವರಿಂದಲೂ ಸಾಹಿತ್ಯ ಸಂಸ್ಕಾರವನ್ನು ಪಡೆದು ವ್ಯಾಕರಣ ಶಾಸ್ತ್ರದಲ್ಲಿ ಅದ್ವಿತೀಯನೆನಿಸಿದನು.’ ಇದನ್ನು ‘ಪಂಡಿತರ ಕುಟುಂಬದಲ್ಲಿ ಹುಟ್ಟಿದ ಕೇಶಿರಾಜ ಅಜ್ಜ, ಅಪ್ಪ, ಮಾವ ಈ ಮೂವರಿಂದ ಸಾಹಿತ್ಯದ ಸಂಸ್ಕಾರ ಪಡೆದು ವ್ಯಾಕರಣದಲ್ಲಿ ಅಸಮಾನನೆನಿಸಿದ’ ಎಂದು ಮಾಡಿದರೆ ಏನು ಬದಲಾಯಿತು? ವಾಕ್ಯದ ನಡಿಗೆ ಅದೇ, ವಿಷಯ ಇಟ್ಟ ಕ್ರಮ ಅದೇ, ಹೊಗಳಿಕೆಯೂ ಅದೇ. ಬಟ್ಟೆಗೆ ಬೇರೆ ಬಣ್ಣ ಅದ್ದಿದ ಮಾತ್ರಕ್ಕೆ ನೇಯ್ದವರು ಬೇರೆಯಾಗುವುದಿಲ್ಲ.

ಸಂಗತಿ ಯಾರ ಸೊತ್ತೂ ಅಲ್ಲ, ವಾಕ್ಯ ಬರೆದವರ ಸೊತ್ತು. ಇಷ್ಟನ್ನು ಮನಸ್ಸಿಗೆ ತಂದುಕೊಂಡರೆ ದಾರಿ ಸಲೀಸು. ಕೇಶಿರಾಜನ ತಂದೆ ಮಲ್ಲಿಕಾರ್ಜುನ, ತಾಯಿಯ ತಂದೆ ಕವಿ ಸುಮನೋಬಾಣ, ‘ಯಶೋಧರ ಚರಿತೆ’ಯ ಜನ್ನ ಸೋದರಮಾವ. ಇವು ಸಂಗತಿಗಳು. ಇವನ್ನು ಒಂದು ಕಾಗದದ ಮೇಲೆ ಬಿಡಿಬಿಡಿಯಾಗಿ ಗುರುತು ಹಾಕಿಕೋ, ಪಕ್ಕದಲ್ಲೇ ಪುಸ್ತಕ ಮತ್ತು ಪುಟಸಂಖ್ಯೆ ಬರೆ. ಎರಡನೆಯ ಪುಸ್ತಕವೊಂದನ್ನು ಓದಿ ಅದರದ್ದನ್ನೂ ಸೇರಿಸು. ಆಮೇಲೆ ಎರಡೂ ಪುಸ್ತಕ ಮುಚ್ಚಿಟ್ಟು, ಏನೂ ತಿಳಿಯದ ಹೈಸ್ಕೂಲು ಹುಡುಗನಿಗೆ ಹೇಳುವಂತೆ ಬರೆ. ಆಗ ಬರುವ ವಾಕ್ಯ ನಿನ್ನದು. ಕೇಶಿರಾಜ ತಾನು ಬರೆದೆನೆಂದು ಹೇಳಿಕೊಂಡ ‘ಚೋಳಪಾಲಕ ಚರಿತ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಇವು ಸಿಕ್ಕಿಲ್ಲ ಎಂಬುದನ್ನು ಆ ಹುಡುಗನಿಗೆ ತಪ್ಪದೆ ಹೇಳು. ‘ಅದ್ವಿತೀಯ’ ಎಂಬ ವಿಶೇಷಣಕ್ಕಿಂತ ಅದು ಅವನಿಗೆ ಹೆಚ್ಚು ಉಪಯೋಗ. ವಿಶ್ವಕೋಶದಲ್ಲಿ ಹೊಗಳುವುದು ನಮ್ಮ ಕೆಲಸವಲ್ಲ, ಯಾರು ಹೊಗಳಿದರು, ಎಲ್ಲಿ ಹೊಗಳಿದರು ಎಂದು ಹೇಳುವುದು ನಮ್ಮ ಕೆಲಸ.

ಕಾಲದ ವಿಷಯದಲ್ಲಿ ವಿಶೇಷ ಎಚ್ಚರವಿರಲಿ. ‘ಕವಿಚರಿತೆ’ಯಲ್ಲಿ ಕೊಟ್ಟಿರುವ ಕೆಲವು ಕವಿಗಳ ಕಾಲವನ್ನು ನಂತರದ ವಿದ್ವಾಂಸರು ಒಪ್ಪಿಲ್ಲ. ಇಬ್ಬರ ಅಭಿಪ್ರಾಯವನ್ನೂ ಅವರವರ ಹೆಸರಿನಲ್ಲೇ ಕೊಡು, ತೀರ್ಪು ಕೊಡಲು ಹೋಗಬೇಡ. ಬ್ಲಾಗುಗಳನ್ನೂ ವಾಟ್ಸಾಪಿನಲ್ಲಿ ಬಂದದ್ದನ್ನೂ ಆಧಾರವಾಗಿ ಕೊಡಲೇಬೇಡ. ಅವುಗಳಲ್ಲಿ ಎಷ್ಟೋ ವಿಕಿಪೀಡಿಯದಿಂದಲೇ ಹೋದವು. ಅವನ್ನು ಆಧಾರವೆಂದು ಕೊಟ್ಟರೆ ಸುಳ್ಳೊಂದು ಒಂದು ಸುತ್ತು ಹಾಕಿ ಬಂದು ತನಗೆ ತಾನೇ ಸಾಕ್ಷಿ ಹೇಳಿದ ಹಾಗಾಗುತ್ತದೆ. ಊರು, ದೇವಸ್ಥಾನಗಳ ಲೇಖನ ನಿನ್ನ ಪಾಲಿಗೆ ಬಂದರೆ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನೂ ಜಿಲ್ಲಾ ಗ್ಯಾಸೆಟಿಯರನ್ನೂ ಮೊದಲು ನೋಡು. ಚಾಟ್‌ಬಾಟ್ ಕೇಳಿ ಬರೆಸುವ ವಿಚಾರ ನಿನ್ನ ಗೆಳತಿಯರಲ್ಲಿ ನಡೆಯುತ್ತಿದೆ ಎಂದು ಬರೆದಿದ್ದೀಯ. ಅದು ಇಲ್ಲದ ಪುಸ್ತಕಕ್ಕೆ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕಟ್ಟಿ ಕೊಡಬಲ್ಲದು. ನೀನು ಕಣ್ಣಾರೆ ಕಾಣದ ಪುಟವನ್ನು ಆಧಾರವೆಂದು ಕೊಡಬಾರದು, ಅದನ್ನು ಯಾರು ಸೂಚಿಸಿದರೂ ಸರಿ, ನಾನೇ ಸೂಚಿಸಿದರೂ ಸರಿ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ನಿಮ್ಮದೇ ಥರದ ಕಾರ್ಯಕ್ರಮ ನಡೆಯಿತು. ವಿದ್ಯಾರ್ಥಿಗಳು ಪಾಠದ ಭಾಗವಾಗಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯಬೇಕಿತ್ತು. ಪುಸ್ತಕ, ಜಾಲತಾಣಗಳಿಂದ ಎತ್ತಿದ ಬರಹ ಎಷ್ಟು ಬಂದು ಬಿತ್ತೆಂದರೆ, ಅದನ್ನು ಹುಡುಕಿ ತೆಗೆಯುವುದರಲ್ಲೇ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಸೋತುಹೋದರು. ವರ್ಷ ಮುಗಿಯುವ ಮೊದಲೇ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಆ ಮಕ್ಕಳು ಕೆಟ್ಟವರೆಂದು ನಾನು ಹೇಳಲಾರೆ. ಪಠ್ಯಪುಸ್ತಕದ ಸಾಲನ್ನು ಹಾಗೇ ಒಪ್ಪಿಸಿದರೆ ಪೂರ್ತಿ ಅಂಕ ಕೊಡುವ ಪದ್ಧತಿಯಲ್ಲಿ ನಾವೆಲ್ಲ ಬೆಳೆದವರು. ನಿನ್ನ ಸ್ವಂತ ಮಾತಿನಲ್ಲಿ ಬರೆ ಎಂದು ನಮಗೆ ಎಷ್ಟು ಮೇಷ್ಟರು ಹೇಳಿದ್ದಾರೆ? ಆ ಅಭ್ಯಾಸವನ್ನು ವಿಕಿಪೀಡಿಯಕ್ಕೆ ತೆಗೆದುಕೊಂಡು ಹೋದರೆ ಕೇಡು ದೊಡ್ಡದಾಗುತ್ತದೆ, ಯಾಕೆಂದರೆ ಅಲ್ಲಿಂದ ಅದು ಸಾವಿರ ಕಡೆ ಹರಡುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. 14 ಸಂಪುಟಗಳ ವಿಶ್ವಕೋಶ ಕೊಳ್ಳಲಾಗದ ಹಳ್ಳಿಯ ಹುಡುಗಿಯ ಕೈಯಲ್ಲಿ ಮೊಬೈಲಿದೆ, ಅವಳಿಗೆ ಮೊದಲು ಸಿಗುವುದು ಇದು. ಅದರಲ್ಲಿ ಆಧಾರವಿದ್ದರೆ ಅವಳು ಮುಂದೆ ಹೋಗಿ ಮೂಲಪುಸ್ತಕ ಹುಡುಕಬಲ್ಲಳು. ಆಧಾರವಿಲ್ಲದಿದ್ದರೆ ಅವಳ ದಾರಿ ಅಲ್ಲಿಗೇ ನಿಂತಿತು.

ಬೈಟ್ ಎಣಿಸಿ ಅಂಕ ಕೊಡುತ್ತಾರೆ ಎಂದಿದ್ದೀಯ. ಕದ್ದದ್ದನ್ನು ತೆಗೆದರೆ ಲೇಖನ ಕುಗ್ಗುತ್ತದೆ, ನಿನ್ನ ಲೆಕ್ಕಕ್ಕೆ ಕಳೆಯುವ ಚಿಹ್ನೆ ಬೀಳುತ್ತದೆ. ಬೀಳಲಿ. ನಿಮ್ಮ ಮೇಡಂ ಹತ್ತಿರ ಹೋಗಿ, ಮೂಲ ಮತ್ತು ಲೇಖನವನ್ನು ಅಕ್ಕಪಕ್ಕ ಇಟ್ಟು ತೋರಿಸಿ, ಯಾಕೆ ತೆಗೆದೆ ಎಂದು ವಿವರಿಸು. ಅವರು ಒಪ್ಪುತ್ತಾರೆಂದೇ ನನ್ನ ನಂಬಿಕೆ. ಒಪ್ಪದಿದ್ದರೂ ನೀನು ತೆಗೆದದ್ದು ಸರಿಯೇ.

ತೆಗೆಯುವಾಗ ಸಾರಾಂಶದಲ್ಲಿ ಕಾರಣವನ್ನೂ ಮೂಲದ ವಿವರವನ್ನೂ ಬರೆ. ನೀನು ಅಳಿಸಿದ್ದು ಇತಿಹಾಸದಲ್ಲಿ ಉಳಿದೇ ಇರುತ್ತದೆ, ಹಳೆಯ ಆವೃತ್ತಿಗಳನ್ನು ಮರೆಮಾಡುವ ಅಧಿಕಾರ ನಿರ್ವಾಹಕರಿಗೆ ಮಾತ್ರ ಇದೆ. ಅದಕ್ಕಾಗಿ ಲೇಖನದ ಚರ್ಚಾಪುಟದಲ್ಲೂ, ಸಂಪಾದಕರೆಲ್ಲ ಸೇರಿ ಮಾತಾಡುವ ‘ಅರಳಿಕಟ್ಟೆ’ ಪುಟದಲ್ಲೂ ಒಂದು ಸೂಚನೆ ಹಾಕು. ಹೊಸ ಪ್ಯಾರಾವನ್ನು ಪ್ರಯೋಗಪುಟದಲ್ಲಿ ಬರೆದು, ಮಾರನೆಯ ದಿನ ಇನ್ನೊಮ್ಮೆ ಮೂಲದೊಂದಿಗೆ ಹೋಲಿಸಿ, ಆಮೇಲೆ ಲೇಖನಕ್ಕೆ ಸೇರಿಸು.

ಕಡೆಯದಾಗಿ ಆ ಪ್ಯಾರಾ ಹಾಕಿದವರ ವಿಷಯ. ಅವರು ಬಹುಶಃ ನಿನ್ನ ಹಾಗೆಯೇ ಯಾವುದೋ ಕಾಲೇಜಿನ ವಿದ್ಯಾರ್ಥಿ, ಯಾರೂ ಏನೂ ಹೇಳಿಕೊಟ್ಟಿಲ್ಲ. ಅವರ ಚರ್ಚಾಪುಟದಲ್ಲಿ ಮರ್ಯಾದೆಯಿಂದ ಬರೆ. ಕಳ್ಳತನ ಎಂಬ ಪದ ಬೇಡ. ‘ನೀವು ಸೇರಿಸಿದ ಭಾಗ ಇಂಥ ಪುಸ್ತಕದ ಇಂಥ ಪುಟದಲ್ಲಿ ಹೀಗೇ ಇದೆ, ಹಕ್ಕುಸ್ವಾಮ್ಯದ ಕಾರಣಕ್ಕೆ ತೆಗೆಯಬೇಕಾಯಿತು. ಅದೇ ಸಂಗತಿಗಳನ್ನು ಆಧಾರ ಕೊಟ್ಟು ಬೇರೆ ಮಾತಿನಲ್ಲಿ ಬರೆಯಲು ಶುರುಮಾಡಿದ್ದೇನೆ, ಮೊದಲ ಪ್ಯಾರಾ ಪ್ರಯೋಗಪುಟದಲ್ಲಿದೆ. ಎರಡನೆಯದನ್ನು ನೀವು ಬರೆಯುತ್ತೀರಾ?’ ಇಷ್ಟು ಸಾಕು. ಉತ್ತರ ಬಂದರೆ ಅವರೊಂದಿಗೆ ಕೂತು ಬರೆ. ಬಾರದಿದ್ದರೆ ಒಂದು ವಾರ ಕಾದು ಎರಡನೆಯ ಪ್ಯಾರಾವನ್ನೂ ನೀನೇ ಬರೆ. ‘ಕವಿಚರಿತೆ’ಯ ಮೊದಲ ಸಂಪುಟ ನಿಮ್ಮ ಗ್ರಂಥಾಲಯದಲ್ಲಿ ಸಿಗದಿದ್ದರೆ ತಿಳಿಸು, ಬೇಕಾದ ಪುಟಗಳನ್ನು ಫೋಟೊ ತೆಗೆದು ಕಳಿಸುತ್ತೇನೆ.

ನಿನ್ನ
ದೊಡ್ಡಪ್ಪ